ಸಂಚಿಯ ತೂಕ

ನನ್ನ ಮಗಳು ಹುಟ್ಟಿದ ಹೊಸದರಲ್ಲಿ ಅವಳಿಗೂ ಅವಳ ಅಮ್ಮನಿಗೂ ನೀರು ಹಾಕಿದ ಹೆಂಗಸು ಹೋದ ತಿಂಗಳು ತೀರಿಕೊಂಡರು. ಶನಿವಾರಸಂತೆಯ ಬಸ್ ನಿಲ್ದಾಣದ ಎದುರು ಅವರ ಫೋಟೋ ಹಾಕಿ ಫ್ಲೆಕ್ಸ್ ಕಟ್ಟಿದ್ದರು. ನಾನು ಸರಿಯಾಗಿ ಅದರ ಕೆಳಗೇ ಕಾರು ನಿಲ್ಲಿಸಿ, ಮಾವನ ಮನೆಗೆಂದು ಬಾಳೆಹಣ್ಣು ಕೊಂಡು ಬಂದು ಮತ್ತೆ ಕಾರು ಹತ್ತಿದೆ. ‘ರೀ, ಅದು ಅಜ್ಜಿ ಅಲ್ವಾ?’ ಎಂದು ಹೆಂಡತಿ ಕೂಗಿದಾಗಲೂ ನನಗೆ ಗುರುತು ಹತ್ತಲಿಲ್ಲ. ನನ್ನ ನೆನಪಿನ ಅಜ್ಜಿಗೆ ಅಷ್ಟೊಂದು ಹಲ್ಲುಗಳಿರಲಿಲ್ಲ.

ಫ್ಲೆಕ್ಸಿನಲ್ಲಿ ಅವರ ಹೆಸರಿತ್ತು. ಮಾವನ ಮನೆಯಲ್ಲಿ ಯಾರೂ ಆ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿರಲಿಲ್ಲ. ಹೆಸರೇನೆಂದು ಕೇಳುವ ಗೋಜಿಗೂ ಹೋಗಿರಲಿಲ್ಲ. ಬದುಕಿದ್ದಾಗ ಕೇಳದ ಹೆಸರನ್ನು ಸತ್ತ ಮೇಲೆ ಬರೆದು ದೊಡ್ಡ ಮನುಷ್ಯನಾಗುವುದು ಬೇಡ. ಅಜ್ಜಿ ಎಂದೇ ಇರಲಿ.

ಅವರ ಬಗ್ಗೆ ನನಗೆ ಗೊತ್ತಿದೆ ಎಂದುಕೊಂಡಿರುವುದರಲ್ಲಿ ಎಷ್ಟು ನಿಜ ಎಂಬುದೇ ಅನುಮಾನ. ನನ್ನ ನೆನಪಿನಲ್ಲಿ ಅವರು ಎತ್ತರ. ಹೆಂಡತಿಯ ಪ್ರಕಾರ ನನ್ನ ಭುಜಕ್ಕೂ ಬರುತ್ತಿರಲಿಲ್ಲ. ಮೂವತ್ತೆಂಟು ದಿನ ಬಂದರೆಂದು ನಾನು, ನಲವತ್ತೈದು ದಿನವೆಂದು ಅವಳು. ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಎಲೆಅಡಿಕೆ ಸಂಚಿ ನನಗೆ ಕೆಂಪಾಗಿ ಕಾಣುತ್ತದೆ, ಅವಳಿಗೆ ಹಸಿರಾಗಿ. ನಾನು ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ಅಳೆಯದೆ ಏನನ್ನೂ ನಂಬಬೇಡಿ ಎಂದು ಹುಡುಗರಿಗೆ ಹೇಳಿ ಸಂಬಳ ತೆಗೆದುಕೊಳ್ಳುತ್ತೇನೆ. ಅಂಥವನ ತಲೆಯೊಳಗೇ ಅಳತೆಗಳೆಲ್ಲ ಹೀಗೆ ಜಾಗ ಬಿಟ್ಟು ಓಡಾಡುತ್ತಿವೆ. ಗಟ್ಟಿಯಾಗಿ ಉಳಿದಿರುವುದು ಅವರ ಒಂದೇ ಒಂದು ಮಾತು ಎಂದುಕೊಂಡಿದ್ದೆ. ಆ ಮಾತನ್ನು ಎಂಟು ವರ್ಷದಿಂದ ಸ್ಟಾಫ್‌ರೂಮಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದೇನೆ. ಅದಕ್ಕೆ ಆಮೇಲೆ ಬರುತ್ತೇನೆ.

ಹೆಂಡತಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ನನಗೆ ಬೇಸಿಗೆ ರಜೆ. ಅಳಿಯನಾದವನು ಬಂದು, ಮಗುವಿನ ಮುಖ ನೋಡಿ, ಹೋಳಿಗೆ ಉಂಡು, ಸಂಜೆಯ ಬಸ್ಸಿಗೆ ಹೊರಡಬೇಕೆಂಬುದು ಆ ಕಡೆಯ ಮರ್ಯಾದೆ. ನಾನು ಲ್ಯಾಪ್‌ಟಾಪ್ ಸಮೇತ ಬಂದು ಉಳಿದುಬಿಟ್ಟೆ. ಮಗು ಸಾಕುವುದರಲ್ಲಿ ತಂದೆಯದೂ ಪಾಲಿದೆ ಎಂಬ ವಿಚಾರವನ್ನು ಓದಿಕೊಂಡು ಬಂದಿದ್ದೆ. ಬಾಣಂತಿ ಮನೆಯಲ್ಲಿ ಗಂಡಸಿಗೆ ಕೊಡುವಂಥ ಪಾಲು ಯಾವುದೂ ಇರಲಿಲ್ಲ. ಅತ್ತೆ ಗಂಟೆಗೊಂದು ಲೋಟ ಕಾಫಿ ಕೊಟ್ಟರು. ಮಾವ ಪೇಪರು ಕೊಟ್ಟರು. ನಾನು ಬಂದ ಮೂರನೆಯ ಬೆಳಿಗ್ಗೆ ಅಜ್ಜಿ ಹಿತ್ತಲ ಬಾಗಿಲಿನಿಂದ ಒಳಗೆ ಬಂದವರೇ ನನ್ನನ್ನು ಮೇಲಿಂದ ಕೆಳಗೆ ನೋಡಿ ಅತ್ತೆಯನ್ನು ಕೇಳಿದರು:

‘ಇವ್ರು ಇನ್ನೂ ಇಲ್ಲೇ ಅವ್ರಾ?’

ಅವರನ್ನು ನಾನು ನೋಡಿದ್ದು ಹೆಚ್ಚಾಗಿ ಬಚ್ಚಲುಮನೆಯ ಹೊಗೆಯಲ್ಲಿ. ಹಂಡೆಯ ಕೆಳಗೆ ಕಾಫಿ ಗಿಡದ ಒಣ ಬೊಡ್ಡೆ ಉರಿಯುತ್ತಿತ್ತು. ಅವರು ಮಣೆಯ ಮೇಲೆ ಕಾಲು ನೀಡಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು, ಬೆರಳಿನಿಂದ ಬಿಸಿ ನೋಡಿ ನೀರು ಸುರಿಯುತ್ತಿದ್ದರು. ಮಗು ಬೀದಿಗೆಲ್ಲ ಕೇಳುವಂತೆ ಅಳುತ್ತಿತ್ತು. ಅವರು ಅದರ ಮೂಗನ್ನು ಎರಡು ಬೆರಳಲ್ಲಿ ಹಿಡಿದು ಎಳೆಯುತ್ತಿದ್ದರು.

‘ಅಜ್ಜಿ, ಎಳೆದ್ರೆಲ್ಲ ಮೂಗು ಉದ್ದ ಆಗಲ್ಲ’ ಎಂದೆ ಬಾಗಿಲಲ್ಲಿ ನಿಂತು. ‘ಅದು ಹುಟ್ಟುವಾಗಲೇ ಅಪ್ಪ ಅಮ್ಮನಿಂದ ಬಂದಿರುತ್ತೆ.’

‘ಗೊತ್ತೈತೆ ಕಣಪ್ಪ. ಯಾರಿಂದ ಬಂದೈತೆ ಅಂತ ನೋಡೇ ಎಳೀತಾ ಇರೋದು. ಹೆಣ್ಮಗ ಬೇರೆ.’

ಹೊಗೆಯ ಒಳಗಿನಿಂದ ಹೆಂಡತಿ ನಕ್ಕದ್ದು ಕೇಳಿಸಿತು. ಆ ವಾರದಲ್ಲಿ ಅವಳು ನಕ್ಕದ್ದು ಅದೊಂದೇ ಸಲ. ಇಲ್ಲ, ಎರಡು ಸಲ ಇರಬೇಕು.

ಮಗಳಿಗೆ ಕೆಲಸ ಒಂದೇ: ಕುಡಿಯುವುದು. ಇಪ್ಪತ್ತು ನಿಮಿಷ ಕುಡಿಯುತ್ತಿದ್ದಳು. ಮೊಲೆ ಬಾಯಲ್ಲಿರುವಂತೆಯೇ ಕಣ್ಣು ಮುಚ್ಚುತ್ತಿದ್ದಳು. ಹೆಂಡತಿ ಉಸಿರು ಬಿಗಿಹಿಡಿದು ತೊಟ್ಟಿಲಿಗೆ ಇಳಿಸುತ್ತಿದ್ದಳು. ಬೆನ್ನಿಗೆ ತೊಟ್ಟಿಲ ಬಟ್ಟೆ ತಾಗಿದ ಕ್ಷಣವೇ ಮಗು, ದೊಡ್ಡ ಮೋಸವೊಂದು ಬಯಲಾದವರಂತೆ, ಕೈಕಾಲು ಬಡಿದು ಕಿರುಚುತ್ತಿತ್ತು. ಮತ್ತೆ ಎದೆಗೆ. ಸಂಜೆ ಐದರಿಂದ ಎಂಟರವರೆಗಂತೂ ಬಿಡುವೇ ಇಲ್ಲ; ಬಲಗಡೆ, ಎಡಗಡೆ, ಮತ್ತೆ ಬಲಗಡೆ. ಕುಡಿಯುತ್ತಲೇ ಮುಲುಗುವುದು, ಬಿಟ್ಟು ಅಳುವುದು, ಅಳು ನಿಲ್ಲಿಸದೆಯೇ ಮತ್ತೆ ಹುಡುಕುವುದು. ಎದೆಯಲ್ಲಿ ಇನ್ನೇನೂ ಉಳಿದಿಲ್ಲ ಎಂದು ಹೆಂಡತಿ ಅಳುತ್ತಿದ್ದಳು. ಅವಳು ಅತ್ತರೆ ಮಗು ಒಂದು ಕ್ಷಣ ಕುಡಿಯುವುದು ನಿಲ್ಲಿಸಿ, ಅವಳ ಮುಖ ನೋಡಿ, ಮುಂದುವರಿಸುತ್ತಿತ್ತು.

ಇದಕ್ಕೆ ಆ ಬೀದಿಗೆಲ್ಲ ಗೊತ್ತಿದ್ದ ಕಾರಣ ಒಂದೇ: ಹಾಲು ಸಾಲುತ್ತಿಲ್ಲ. ನೋಡಲು ಬಂದ ಹೆಂಗಸರೆಲ್ಲ ತೊಟ್ಟಿಲಿಗೆ ಬಗ್ಗುತ್ತಿದ್ದರು, ಏಳುವಾಗ ಈ ತೀರ್ಪು ಕೊಟ್ಟೇ ಏಳುತ್ತಿದ್ದರು. ನನ್ನ ಅಮ್ಮ ವಿಡಿಯೋ ಕಾಲಿನಲ್ಲಿ, ನಾನು ಫೋನನ್ನು ತಪ್ಪು ಕಡೆ ತಿರುಗಿಸಿದ್ದರಿಂದ ಬರಿಯ ದಿಂಬನ್ನು ನೋಡಿ, ‘ಅಯ್ಯೋ, ಎಷ್ಟು ಬಡವಾಗಿದೆ ಕೂಸು’ ಎಂದರು. ಅತ್ತೆ ಮಗಳಿಗೆ ಒಣ ಅನ್ನ, ಕಾಳುಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ ಬಡಿಸುತ್ತಿದ್ದರು. ನೀರು ಊಟಕ್ಕೆ ಅರ್ಧ ಲೋಟ. ಹೆಚ್ಚು ಕುಡಿದರೆ ಬಾಣಂತಿಯ ಮೈ ಊದುತ್ತದಂತೆ. ಹೀಗೆ ಗಂಟಲು ಒಣಗಿಸಿಟ್ಟು, ‘ಹಾಲು ಯಾಕಮ್ಮ ಬರ್ತಿಲ್ಲ ನಿಂಗೆ?’ ಎಂದು ಕೇಳುತ್ತಿದ್ದರು.

ನಾನು ಇದಕ್ಕಿಂತ ಬುದ್ಧಿವಂತ. ಬಾಣಂತಿ ಕೋಣೆಯಲ್ಲಿ ಒಂದು ಗೋಡೆ ಗಡಿಯಾರ ಹಾಕಿಸಿದೆ. ಎರಡೂವರೆ ಗಂಟೆಗೊಮ್ಮೆ ಕುಡಿಸಬೇಕೆಂದು ಎಲ್ಲೋ ಓದಿದ್ದೆ. ಕುಡಿದ ಹೊತ್ತು, ಬಿಟ್ಟ ಹೊತ್ತು, ಯಾವ ಕಡೆ ಎಂದು ಫೋನಿನಲ್ಲಿ ಪಟ್ಟಿ ಮಾಡಿದೆ. ಎರಡೂವರೆ ಗಂಟೆಗೆ ಮುಂಚೆ ಮಗು ಅತ್ತರೆ, ‘ಇನ್ನೂ ನಲವತ್ತು ನಿಮಿಷ ಇದೆ’ ಎಂದು ಹೊರಗಿನಿಂದ ತಿಳಿಸುತ್ತಿದ್ದೆ.

ಅಜ್ಜಿ ಗಡಿಯಾರ ನೋಡಿದರು.

‘ಇದ್ಯಾಕೆ ಮೇಷ್ಟ್ರೆ? ಕೂಸು ಬಸ್ಸಿಗೆ ಹೋಗ್ಬೇಕಾ?’

‘ಹೊಟ್ಟೆಗೆ ಒಂದು ಕ್ರಮ ಬೇಕಲ್ಲ ಅಜ್ಜಿ.’

‘ಅದರ ಹೊಟ್ಟೆ ಎಷ್ಟಿರ್ತೈತೆ ಗೊತ್ತಾ? ಒಂದ್ ನಿಂಬೆಹಣ್ಣಿನಷ್ಟು. ನಿಮ್ಮಂಗೆ ಬೆಳಗ್ಗೆ ಐದು ಅಕ್ಕಿರೊಟ್ಟಿ ಇಳಿಸ್ಕಂಡು ಮಧ್ಯಾಹ್ನದ ತನಕ ಪೇಪರ್ ಓದ್ತಾ ಕೂತ್ಕಳಕಾಗ್ತೈತಾ ಅದಕ್ಕೆ?’

ನಾನು ತಿನ್ನುತ್ತಿದ್ದದ್ದು ನಾಲ್ಕು. ಅದನ್ನು ಹೇಳಿದೆ. ಅವರು ಆಗಲೇ ಒಳಗೆ ಹೋಗಿ ಹೆಂಡತಿಯ ಬೆನ್ನಿಗೆ ದಿಂಬು ಒತ್ತುತ್ತಿದ್ದರು. ‘ತುದೀಲಿ ಕಚ್ಚಿಸ್ಬೇಡ ಮಗಾ, ನೋಯ್ತೈತೆ. ಬಾಯಿ ಆ ಅಂತ ಅಗಲ ತೆಗೆಯೋ ತನಕ ಕಾಯಿ. ಹೂಂ, ಈಗ. ಬಾಯಿ ತುಂಬ ಕೊಡು. ನೋಡು, ಗುಟುಕು ಕೇಳ್ತೈತಾ?’ ಆಮೇಲೆ ನನಗೆ ಕೇಳಲೆಂದೇ ದನಿ ಏರಿಸಿ, ‘ಸಂಜೆ ಹೊತ್ತು ಅದು ಬರೀ ಕುಡಿಯೋದಲ್ಲ ಕಣಮ್ಮ. ಆರ್ಡರ್ ಹಾಕೋದು. ನಿಮ್ಮಪ್ಪ ಹಾಸನಕ್ಕೆ ಫೋನ್ ಮಾಡಿ ಗೋಣಿಚೀಲ ಹೇಳಲ್ವಾ, ಅಂಗೆ. ಇವತ್ತು ಹೇಳಿದ್ರೆ ನಾಳೆ ಬರೋದು. ಬಿಡದೆ ಹಾಕ್ಲಿ ಆರ್ಡರ್ರು’ ಎಂದರು.

ಇದು ಅಜ್ಜಿಕತೆ ಎಂದು ಅಂದು ನಕ್ಕಿದ್ದೆ. ಆಮೇಲೆ ನಾನು ಓದಿದ್ದರಲ್ಲೆಲ್ಲ ಇದನ್ನೇ ಇನ್ನಷ್ಟು ಕಷ್ಟದ ಭಾಷೆಯಲ್ಲಿ ಬರೆದಿದ್ದರು. ಹಾಗೆಂದು ಅವರು ಹೇಳಿದ್ದೆಲ್ಲ ಸರಿ ಎಂದಲ್ಲ. ಮಗುವಿನ ಕಿವಿಗೆ ಎಣ್ಣೆ ಬಿಡುತ್ತಿದ್ದರು. ಲೋಬಾನದ ಹೊಗೆ ಹಾಕಿ ತಾಯಿ ಮಗು ಇಬ್ಬರನ್ನೂ ಕೆಮ್ಮಿಸುತ್ತಿದ್ದರು. ಆಕಳಿಸಿದಾಗ ಮಗುವಿನ ಬಾಯಿಯ ಮುಂದೆ ಚಿಟಿಕೆ ಹೊಡೆಯದಿದ್ದರೆ ಒಳಗೆ ಏನೋ ಹೋಗುತ್ತದೆಂದು ನಂಬಿದ್ದರು. ಏನು ಹೋಗುತ್ತದೆ ಎಂದು ಕೇಳಿದರೆ, ‘ನಿಮ್ಮಂಗೆ ಪ್ರಶ್ನೆ ಕೇಳೋ ಬುದ್ಧಿ ಹೋಗ್ತೈತೆ’ ಎನ್ನುತ್ತಿದ್ದರು. ಅತ್ತೆಯ ಅರ್ಧ ಲೋಟದ ವಿಷಯದಲ್ಲಿ ಮಾತ್ರ ಅವರು ನೇರ ಯುದ್ಧಕ್ಕಿಳಿದರು.

‘ಕೊಟ್ಟಿಗೇಲಿ ಹಸೂಗೆ ಬಾನಿ ತುಂಬ ಕಲಗಚ್ಚು ಇಡ್ತೀರಿ. ಹೆತ್ತ ಮಗೀಗೆ ಅರ್ಧ ಲೋಟನಾ ಅಮ್ಮಾರೆ?’

ಅತ್ತೆ ಒಪ್ಪಲಿಲ್ಲ. ಅಜ್ಜಿ ಮರುದಿನದಿಂದ ಬಚ್ಚಲಿಗೆ ಹೋಗುವಾಗ ಒಂದು ತಂಬಿಗೆ ಕುಡಿಯುವ ನೀರನ್ನು ಸೀಗೆಪುಡಿಯ ಬಟ್ಟಲಿನ ಜೊತೆಗೆ ಸೆರಗಿನಡಿ ಒಯ್ಯತೊಡಗಿದರು.

ಅವರದೊಂದು ಅಭ್ಯಾಸವಿತ್ತು. ಬಂದ ಕೂಡಲೇ ಮಗುವನ್ನು ನೋಡುತ್ತಿರಲಿಲ್ಲ. ಹಿತ್ತಲಿನ ಹಗ್ಗ ನೋಡುತ್ತಿದ್ದರು. ಹಗ್ಗದ ತುಂಬ ಮಗು ಒದ್ದೆ ಮಾಡಿದ ಹಳೆಯ ಪಂಚೆಯ ತುಂಡುಗಳು. ಬೆರಳು ಮಡಚಿ ಲೆಕ್ಕ ಹಾಕಿ, ತಲೆಯಾಡಿಸಿ, ಆಮೇಲೆ ಒಳಗೆ.

ನಾನು ಅಂಥ ಅಳತೆಗಳನ್ನು ಒಪ್ಪುವವನಲ್ಲ. ಮಗುವಿಗೆ ಹಾಲು ಸಾಲುತ್ತಿದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರ ತೂಕದಲ್ಲಿದೆ, ತೂಕಕ್ಕೆ ತಕ್ಕಡಿ ಬೇಕು, ತಕ್ಕಡಿ ಮಾವನ ಅಂಗಡಿಯಲ್ಲಿದೆ. ಮಾವನದು ಮೆಣಸು, ಕಾಫಿ ಕೊಳ್ಳುವ ವ್ಯಾಪಾರ. ದೊಡ್ಡ ಮೂಟೆಗಳಿಗೆ ಎಲೆಕ್ಟ್ರಾನಿಕ್ ತಕ್ಕಡಿ ಬಂದಿತ್ತು. ಸಂತೆಯ ದಿನ ಕೈಚೀಲದಲ್ಲಿ ಎರಡು ಕಿಲೋ, ಮೂರು ಕಿಲೋ ಮೆಣಸು ತರುವ ಸಣ್ಣ ಜನರಿಗೆ ಮಾತ್ರ ತೊಲೆಗೆ ನೇತುಹಾಕುವ ಹಳೆಯ ತಕ್ಕಡಿ: ಗಡಿಯಾರದಂಥ ಮುಖ, ಒಂದು ಮುಳ್ಳು, ಕೆಳಗೊಂದು ಕೊಕ್ಕೆ. ಅಂಗನವಾಡಿಯಲ್ಲಿ ಮಕ್ಕಳನ್ನು ಜೋಲಿ ಕಟ್ಟಿ ತೂಗುವುದೂ ಇಂಥದ್ದರಲ್ಲೇ.

‘ಬೇಡ ಅಳಿಯಂದ್ರೆ’ ಎಂದರು ಮಾವ. ‘ಅದು ಮೆಣಸಿನ ಘಾಟು. ಮಗು ಸೀನುತ್ತೆ.’

‘ಒರೆಸ್ಕೋತೀನಿ ಮಾವ.’

‘ಅದು ಮಗೂಗೆ ಆಗೋ ತಕ್ಕಡಿ ಅಲ್ಲ.’

ಮೆಣಸಾದರೇನು, ಮಗುವಾದರೇನು, ಭೂಮಿ ಎಲ್ಲವನ್ನೂ ಒಂದೇ ರೀತಿ ಎಳೆಯುತ್ತದೆ ಎಂದು ನಾನು ಅವರಿಗೆ ಹತ್ತು ನಿಮಿಷ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ಬೆವರು ಒರೆಸಿಕೊಂಡು, ಸೋಮವಾರ ತಂದುಕೊಟ್ಟರು. ‘ಶನಿವಾರ ಸಂತೆಗೆ ಬೇಕು’ ಎಂದಷ್ಟೇ ಹೇಳಿದರು.

ನಡುಮನೆಯ ತೊಲೆಗೆ ತಕ್ಕಡಿ ಕಟ್ಟಿದೆ. ವೈಜ್ಞಾನಿಕವಾಗಿರಲೆಂದು ಮೊದಲು ಜೋಲಿಯ ಸೀರೆಯನ್ನು ಮಾತ್ರ ತೂಗಿದೆ. ಮುಳ್ಳು ಕದಲಲಿಲ್ಲ. ‘ಬಟ್ಟೆ: ಸೊನ್ನೆ’ ಎಂದು ಬರೆದುಕೊಂಡೆ. ಅತ್ತೆಯ ಹಳೆಯ ಸೀರೆಗೆ ತೂಕವೇ ಇಲ್ಲದಿರುವುದು ನನಗೆ ಯಾಕೆ ವಿಚಿತ್ರವಾಗಿ ಕಾಣಲಿಲ್ಲ ಎಂದು ಇಂದಿಗೂ ತಿಳಿಯದು. ಆಮೇಲೆ ಮಗು: ಮೂರು ಕಿಲೋ. ಆಸ್ಪತ್ರೆಯ ಕಾರ್ಡಿನಲ್ಲಿ ಹುಟ್ಟಿದ ತೂಕ ಮೂರು ಕಿಲೋ ನೂರು ಗ್ರಾಂ. ಇಪ್ಪತ್ತು ದಿನ ಹಗಲಿಡೀ ಕುಡಿದ ಮಗು ಹುಟ್ಟಿದಾಗಿನಷ್ಟೂ ಇಲ್ಲ! ಕುಡಿಸುವ ಮೊದಲು ತೂಗಿದೆ, ಕುಡಿಸಿ ತೂಗಿದೆ. ಮುಳ್ಳು ಅಲ್ಲೇ. ಗೆರೆಗೆ ನೂರು ಗ್ರಾಮಿನಂತಿದ್ದ ಆ ತಕ್ಕಡಿ ನಾಲ್ಕು ಗುಟುಕು ಹಾಲನ್ನು ತೋರಿಸುವುದಿಲ್ಲ ಎಂಬುದು ನನ್ನ ಮೊದಲ ವರ್ಷದ ವಿದ್ಯಾರ್ಥಿಗೂ ಹೊಳೆಯುತ್ತಿತ್ತು. ನಾನು ಮಾತ್ರ ಮನೆಗೆಲ್ಲ ಕೇಳುವಂತೆ ಘೋಷಿಸಿದೆ: ‘ಒಳಗೆ ಏನೂ ಹೋಗಿಲ್ಲ.’

ಹೆಂಡತಿ ರವಿಕೆಯ ಗುಂಡಿ ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಅಜ್ಜಿ ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದೊಯ್ದರು. ಹಗ್ಗದಲ್ಲಿ ಹನ್ನೊಂದು ತುಂಡು ನೇತಾಡುತ್ತಿದ್ದವು.

‘ಒಳಗೆ ಹೋಗದೆ ಇಷ್ಟು ಹೊರಗೆ ಬಂತಾ? ನಿಮ್ಮ ಮಗಳು ಹೊಟ್ಟೇಲಿ ಬಾವಿ ತೋಡವ್ಳಾ?’

ಅದು ಪುರಾವೆಯಲ್ಲ, ಒಂದೇ ತುಂಡನ್ನು ಎರಡು ಸಲ ಒಗೆದಿರಬಹುದು ಎಂದು ನಾನು ವಾದಿಸಿದೆ. ಅಜ್ಜಿ ಒಣಗಿದ ತುಂಡೊಂದನ್ನು ಹಗ್ಗದಿಂದ ಎಳೆದು ಹೆಗಲಿಗೆ ಹಾಕಿಕೊಂಡರು. ‘ಓದಿರೋರು ಕಷ್ಟ ಕಣಪ್ಪ’ ಎಂದರು.

ಅಷ್ಟರಲ್ಲಿ ಹಾಲಿನ ಪುಡಿಯ ಡಬ್ಬಿ ಬಂದಾಗಿತ್ತು. ಮಾವನೇ ಮೆಡಿಕಲ್ ಶಾಪಿನಿಂದ ತಂದು ದೇವರ ಗೂಡಿನ ಪಕ್ಕ ಇಟ್ಟಿದ್ದರು. ಶುಕ್ರವಾರ ಮತ್ತೊಮ್ಮೆ ತೂಗುವುದು, ಏರಿರದಿದ್ದರೆ ಡಬ್ಬಿ ತೆಗೆಯುವುದು ಎಂದು ನಾನೂ ಅತ್ತೆಯೂ ಸೇರಿ ತೀರ್ಮಾನಿಸಿದೆವು. ಹಾಲು ಯಾರದೋ ಅವಳನ್ನು ಕೇಳುವುದು ನಮಗಿಬ್ಬರಿಗೂ ಹೊಳೆಯಲಿಲ್ಲ.

‘ಡಬ್ಬಿ ಬೇಡ ರೀ’ ಎಂದಳು ಹೆಂಡತಿ ಆ ಸಂಜೆ, ಮಗುವನ್ನು ಭುಜಕ್ಕೆ ಹಾಕಿಕೊಂಡು ಓಡಾಡುತ್ತ. ‘ಒಂದ್ಸಲ ಅದನ್ನ ತೆಗೆದ್ರೆ ಮುಗೀತು. ಇವಳ ಹಾಲು ಆಗಿಬರಲ್ಲ ಅಂತ ಎಲ್ಲಾರೂ ಸೇರಿ ಬರೆದುಬಿಡ್ತೀರಿ. ಆಮೇಲೆ ನಾನೇ ನಂಬಿಬಿಡ್ತೀನಿ.’

‘ತೂಕ ಸುಳ್ಳು ಹೇಳುತ್ತಾ?’ ಎಂದೆ.

ಅವಳು ನನ್ನನ್ನು ನೋಡಿದಳು. ಏನೋ ಹೇಳಬಂದವಳು ಸುಮ್ಮನಾದಳು. ಅಥವಾ, ಈಗ ನನಗೆ ಹಾಗನ್ನಿಸುತ್ತಿದೆ.

ಶುಕ್ರವಾರ ಬೆಳಿಗ್ಗೆ ನೀರು ಹಾಕಿಯಾದ ಮೇಲೆ ನಡುಮನೆಯಲ್ಲಿ ಎಲ್ಲರೂ ಸೇರಿದೆವು. ಹೆಂಡತಿ ತಲೆಗೆ ಬಟ್ಟೆ ಕಟ್ಟಿಕೊಂಡು ಕೋಣೆಯ ಬಾಗಿಲಲ್ಲಿ ಕೂತಿದ್ದಳು. ಮಾವ ತಕ್ಕಡಿ ಒಯ್ಯಲೆಂದು ಅಂಗಡಿಯಿಂದ ಬಂದು, ಚಪ್ಪಲಿ ಬಿಡದೆ ಹೊಸ್ತಿಲ ಹೊರಗೆ ನಿಂತಿದ್ದರು. ಅಜ್ಜಿ ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ಜೋಲಿ ಕಟ್ಟಿ ಮಗುವನ್ನು ನೇತುಹಾಕಿದೆ. ಮುಳ್ಳು ನಡುಗಿ ನಿಂತಿತು.

‘ಮೂರು ಕಿಲೋ ನೂರು ಗ್ರಾಂ’ ಎಂದೆ. ‘ಈಗ ತಾನೇ ಹುಟ್ಟಿದ ತೂಕಕ್ಕೆ ಬಂದಿದೆ.’

ನಾಲ್ಕೇ ದಿನದಲ್ಲಿ ನೂರು ಗ್ರಾಂ ಏರಿದೆಯಲ್ಲ ಎಂದು ಕೇಳಬೇಕಾಗಿದ್ದವನು ನಾನು. ಕೇಳಲಿಲ್ಲ. ಅತ್ತೆ ನಿಟ್ಟುಸಿರು ಬಿಟ್ಟು, ಡಬ್ಬಿಯ ಮುಚ್ಚಳ ಎಬ್ಬಿಸಲು ಚಮಚ ತರಲು ಎದ್ದರು.

‘ಒಂದ್ನಿಮ್ಸ ಇರ್ರಮ್ಮಾರೆ’ ಎಂದು ಅಜ್ಜಿ ಎದ್ದರು. ಮಗುವನ್ನು ಜೋಲಿಯಿಂದ ಎತ್ತಿ ಅದರಮ್ಮನ ಮಡಿಲಿಗೆ ಕೊಟ್ಟರು. ಜೋಲಿ ಬಿಚ್ಚಿದರು. ಸೊಂಟದಿಂದ ತಮ್ಮ ಸಂಚಿಯನ್ನು ತೆಗೆದು ಅದರ ದಾರವನ್ನು ಕೊಕ್ಕೆಗೆ ಸಿಕ್ಕಿಸಿದರು.

‘ಎಷ್ಟು ತೋರುಸ್ತೈತೆ ಮೇಷ್ಟ್ರೆ?’

‘ಏನೂ ಇಲ್ಲ. ಸೊನ್ನೆ.’

‘ಕನ್ನಡ್ಕ ಒರೆಸ್ಕಂಡು ನೋಡಿ.’

‘ಸೊನ್ನೇನೇ ಅಜ್ಜಿ.’

‘ಕಬ್ಬಿಣದ ಅಡಕತ್ತರಿ ಐತೆ. ಸುಣ್ಣದ ಡಬ್ಬಿ ಐತೆ. ಒಂದ್ ಹಿಡಿ ಅಡಿಕೆ ಐತೆ. ಮನೆ ಬೀಗದ ಕೈ ಐತೆ. ಇದಕ್ಕೆ ತೂಕ ಇಲ್ವಾ? ಅಯ್ಯೋ ಶಿವನೇ, ಇಷ್ಟ್ ವರ್ಷ ಸುಮ್ಸುಮ್ನೆ ಸೊಂಟ ನೋಯಿಸ್ಕಂಡ್ನಲ್ಲ ನಾನು!’

ನಾನು ಸಂಚಿಯನ್ನು ಕೈಯಲ್ಲಿ ಹಿಡಿದು ನೋಡಿದೆ. ಕಾಲು ಕಿಲೋಗೆ ಕಡಿಮೆ ಇರಲಿಲ್ಲ. ಆ ಮುಳ್ಳು ಸೊನ್ನೆಯ ಹತ್ತಿರ ಯಾವುದಕ್ಕೋ ಒರಗಿ ನಿಂತಿತ್ತು. ಜೋಲಿಯ ಬಟ್ಟೆಯ ತೂಕವಲ್ಲದೆ ಇನ್ನೂ ಮುನ್ನೂರು ಗ್ರಾಂ ಅದನ್ನು ಎಬ್ಬಿಸುವುದಕ್ಕೇ ಮುಗಿದುಹೋಗುತ್ತಿತ್ತು. ಐವತ್ತು ಕಿಲೋ ಮೂಟೆಯಲ್ಲಿ ಮುನ್ನೂರು ಗ್ರಾಂ ಯಾರ ಕಣ್ಣಿಗೂ ಬೀಳುವುದಿಲ್ಲ. ಮೂರು ಕಿಲೋ ಮೆಣಸು ತಂದವನಿಗೆ ಅದು ಹತ್ತರಲ್ಲಿ ಒಂದು ಪಾಲು. ಮೂರು ಕಿಲೋ ಮಗುವಿಗೆ ಅದು ಮೂರು ವಾರ ಕುಡಿದ ಅಷ್ಟೂ ಹಾಲು.

ಆಗಲೇ ಅಜ್ಜಿ ನನ್ನತ್ತ ತಿರುಗಿ, ನಾನು ಎಂಟು ವರ್ಷ ಹೇಳಿಕೊಂಡು ಬಂದ ಆ ಮಾತು ಹೇಳಿದ್ದು: ‘ನಿಮ್ಮ ಮಾವನ ತಕ್ಕಡೀಲಿ ಯಾವ ಕೂಸೂ ದಪ್ಪ ಆಗಲ್ಲ ಮೇಷ್ಟ್ರೆ.’

ಮಾವ ಒಳಗೆ ಬಂದರು. ಕೊಕ್ಕೆಯಿಂದ ಸಂಚಿ ಬಿಡಿಸಿ ನೆಲದ ಮೇಲಿಟ್ಟರು. ತಕ್ಕಡಿ ಇಳಿಸಿ ಗೋಣಿಯಲ್ಲಿ ಸುತ್ತಿದರು. ‘ಸಂತೆಗೆ ಹೊತ್ತಾಯ್ತು’ ಎಂದು ಹೊರಟರು. ಸಂತೆ ಮರುದಿನ.

ಅದೇ ಮಧ್ಯಾಹ್ನ ಹಿಂದಿನ ಬೀದಿಯ ಅಂಗನವಾಡಿಗೆ ಮಗುವನ್ನು ಎತ್ತಿಕೊಂಡು ಹೋದೆವು. ಮೂರು ಕಿಲೋ ನಾನ್ನೂರು. ‘ಚೆನ್ನಾಗೇ ಇದೆಯಲ್ಲ, ಏನಾಗಿದೆ ಇದಕ್ಕೆ?’ ಎಂದರು ಅಲ್ಲಿನ ಟೀಚರ್. ಅತ್ತೆ ಮನೆಗೆ ಬಂದು ಮಗಳಿಗೆ ಒಂದು ತುಂಬು ಲೋಟ ನೀರು ಕೊಟ್ಟರು. ಡಬ್ಬಿಯ ಪುಡಿ ಮುಂದೊಂದು ತಿಂಗಳು ನನ್ನ ಕಾಫಿಗೆ ಬಿತ್ತು. ಮಗು ಇದರಿಂದೇನೂ ಸುಧಾರಿಸಲಿಲ್ಲ. ಮೊದಲಿನಷ್ಟೇ ಕುಡಿಯಿತು, ಮೊದಲಿನಷ್ಟೇ ಕಿರುಚಿತು. ಬದಲಾದದ್ದು ಹೆಂಡತಿ. ಸಂಜೆ ಐದಾದರೆ ಕಾಲು ನೀಡಿ ಕೂತು, ‘ಬಾರಮ್ಮ, ಆರ್ಡರ್ ಹಾಕು’ ಎನ್ನುತ್ತಿದ್ದಳು. ಆರನೆಯ ವಾರಕ್ಕೋ ಏಳಕ್ಕೋ ಆರ್ಡರು ತಾನಾಗಿ ಕಡಿಮೆಯಾಯಿತು.

ಫ್ಲೆಕ್ಸ್ ನೋಡಿದ ದಿನ ನಾವು ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಅಜ್ಜಿಯ ಮನೆಗೆ ಹೋದೆವು. ಮಾವ ಬರಲಿಲ್ಲ, ಮಂಡಿ ನೋವಂತೆ. ಕೊಡ್ಲಿಪೇಟೆ ರಸ್ತೆಯ ಪಕ್ಕ ಚಿಕ್ಕ ಮನೆ, ಹಿಂದೆ ನಾಲ್ಕೈದು ಸಿಲ್ವರ್ ಓಕ್ ಮರ, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಅಜ್ಜಿಯ ಮಗಳು ನನ್ನನ್ನು ಕಂಡವರೇ ಕಣ್ಣೀರಿನ ನಡುವೆಯೂ ಸಣ್ಣಗೆ ನಕ್ಕರು. ‘ಅಮ್ಮ ನಿಮ್ಮನ್ನ ಬಾಳ ನೆನೆಸ್ಕತಿದ್ರು. ಕೂಸಿನ್ನ ಕೊಕ್ಕೆಗೆ ನೇತಾಕಿದ ಮೇಷ್ಟ್ರು ಅಂತ.’

ಮಾತಿಗೆ ಮಾತು ಬಂದು, ಮೆಣಸು ಈ ಸಲ ಚೆನ್ನಾಗಿದೆಯಲ್ಲ, ಮಾವನ ಅಂಗಡಿಗೆ ತರುತ್ತೀರಾ ಎಂದು ನಾನು ಉಪಚಾರಕ್ಕೆ ಕೇಳಿದೆ.

‘ಎಲ್ಲಿ ತಂದೇವು ಸಾರ್. ಆ ವರ್ಷ ಅಮ್ಮ ತಗಂಡ್ ಹೋದ್ರೆ ಒದ್ದೆ ಐತೆ ಅಂತ ಅಂಗಡಿ ಯಜಮಾನ್ರು ವಾಪಸ್ ಕಳ್ಸಿದ್ರು. ಒಣಗ್ಸಿ ತಗಂಡ್ ಹೋದ್ರೆ ಮತ್ತೂ ಒದ್ದೆ ಅಂದ್ರು. ಅಲ್ಲಿಂದ ಸೋಮಾರ್‌ಪೇಟೆಗೇ ಬಸ್ಸಲ್ಲಿ, ಮಡ್ಲಲ್ಲಿ ಇಟ್ಕಂಡು ಹೋಗರು. ಅದೇ ಮೆಣಸು ಅಲ್ಲಿ ಒಣಗೇ ಇರ್ತಿತ್ತು.’

ಹೆಂಡತಿ ಎದ್ದು ಹೊರಗೆ ಹೋದಳು. ಕಾರಿನಲ್ಲಿ ಸುಮಾರು ದೂರ ಬಂದ ಮೇಲೆ ನಾನೇ ಮಾತು ತೆಗೆದೆ. ‘ಪಾಪ, ಆ ಒಂದು ಬಾಯಿಂದ ಎಷ್ಟು ಕಷ್ಟ ಆಯ್ತು ನೋಡು ಅಜ್ಜಿಗೆ. ನಿಮ್ಮಪ್ಪನ ಎದುರಿಗೇ ಹಾಗೆ ಅಂದುಬಿಟ್ರಲ್ಲ.’

‘ಏನಂದ್ರು?’

‘ಅದೇ, ನಿಮ್ಮ ಮಾವನ ತಕ್ಕಡೀಲಿ ಯಾವ ಕೂಸೂ ದಪ್ಪ ಆಗಲ್ಲ ಅಂತ.’

‘ಅವರು ಹಾಗೆ ಹೇಳೇ ಇಲ್ಲ.’

ನನಗೆ ನಗು ಬಂತು. ‘ನಾನೇ ಕೇಳಿದೀನಿ.’

‘ನೀವು ಕಾಲೇಜಲ್ಲಿ ಹೇಳಿ ಹೇಳಿ ಕೇಳಿದೀರಿ. ಅವರು ಹೇಳಿಲ್ಲ. ಹೇಳಬಾರದು ಅಂತ ನಾನೇ ಕೈ ಹಿಡ್ಕೊಂಡು ಬೇಡ್ಕೊಂಡಿದ್ದೆ.’ ಅವಳು ಕಿಟಕಿಯಾಚೆ ನೋಡುತ್ತಲೇ ಹೇಳಿದಳು. ‘ಆ ತಕ್ಕಡಿ ಕಡಿಮೆ ತೋರಿಸುತ್ತೆ ಅಂತ ಈ ಊರಲ್ಲಿ ಯಾರಿಗೆ ಗೊತ್ತಿಲ್ಲ? ನನಗೆ ಚಿಕ್ಕೋಳಿದ್ದಾಗಿಂದ ಗೊತ್ತು. ಆದ್ರೆ ಎಷ್ಟು ಕಡಿಮೆ ಅಂತ ಗೊತ್ತಿರಲಿಲ್ಲ. ಹಾಲೂ ನಿಜವಾಗ್ಲೂ ಇಲ್ವೇನೋ ಅಂತ ಭಯ. ನಿಮ್ಮ ಹತ್ರ ಏನಂತ ಹೇಳ್ಲಿ, ನಮ್ಮಪ್ಪ ಹೀಗೆ ಅಂತ? ಗುರುವಾರ ಬಚ್ಚಲಲ್ಲಿ ಅಜ್ಜಿ ಹತ್ರ ಹೇಳ್ಕೊಂಡು ಅತ್ಬಿಟ್ಟೆ. ನೀವು ಹೇಗಾದ್ರೂ ತೋರಿಸಿಕೊಡಿ, ಅಪ್ಪನ ಹೆಸರು ಮಾತ್ರ ಎತ್ತಬೇಡಿ ಅಂದೆ. ಅವರು ಎತ್ತಲಿಲ್ಲ. ತಮ್ಮ ಸೊಂಟದ ಮಾತು ಆಡಿದ್ರು, ಅಷ್ಟೇ.’

ನಾನು ಆ ಬೆಳಗನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದೆ. ಸಂಚಿ, ಕೊಕ್ಕೆ, ಸೊಂಟದ ಮಾತು, ಮಾವನ ಚಪ್ಪಲಿ ಎಲ್ಲ ಕಂಡವು. ಆ ಒಂದು ವಾಕ್ಯ ಹೇಳುವ ಅಜ್ಜಿಯ ಬಾಯಿ ಮಾತ್ರ ಎಷ್ಟು ಹುಡುಕಿದರೂ ಕಾಣಲಿಲ್ಲ. ದನಿ ಇತ್ತು. ಅದು ಸ್ಟಾಫ್‌ರೂಮಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತವನ ದನಿ. ಚುಚ್ಚುಮಾತಿನವರೆಂದು ನಾನು ಊರೆಲ್ಲ ಹೇಳಿಕೊಂಡು ಬಂದ ಹೆಂಗಸು ಕೊಟ್ಟ ಮಾತಿಗೆ ಬಾಯಿ ಕಟ್ಟಿಕೊಂಡಿದ್ದರು. ಚುಚ್ಚಿದ್ದೆಲ್ಲ ನಾನು.

‘ನನಗೆ ಯಾಕೆ ಹೇಳಲಿಲ್ಲ, ಆಮೇಲಾದ್ರೂ?’

‘ಹೇಳಿದ್ರೆ ನೀವು ನಾಲ್ಕು ಜನದ ಹತ್ರ ಹೇಳಿ ನಗ್ತಿದ್ರಿ.’ ಕಿಟಕಿಯ ಗಾಜು ಏರಿಸಿ ಸೇರಿಸಿದಳು, ‘ಹೇಳದೇ ಇದ್ರೂ ನಕ್ರಿ ಬಿಡಿ. ಆದ್ರೆ ಮೆಣಸು ವಾಪಸ್ ಕಳಿಸಿದ್ದು ನನಗೆ ಗೊತ್ತಿರಲಿಲ್ಲ ರೀ. ನನ್ನಿಂದ ಆಯ್ತು ಅದು.’

ಮನೆ ತಲುಪಿದಾಗ ಮಾವ ಜಗಲಿಯಲ್ಲಿ ಪೇಪರು ಹಿಡಿದು ಕೂತಿದ್ದರು. ಒಳಗೆ ನಮ್ಮ ಮಗಳು, ಊಟ ಮುಗಿಸಿ ಅರ್ಧ ಗಂಟೆಯೂ ಆಗಿರದವಳು, ನನ್ನ ಅತ್ತೆಯನ್ನು ಚಕ್ಕುಲಿಗೆ ಪೀಡಿಸುತ್ತಿದ್ದಳು. ಹೆಂಡತಿ ಒಳಗೆ ಹೋಗಲಿಲ್ಲ. ಅಪ್ಪನ ಎದುರಿನ ಮೆಟ್ಟಿಲ ಮೇಲೆ ಕೂತಳು.

‘ಅಪ್ಪ, ಅವತ್ತು ಕೊಕ್ಕೆಗೆ ಸಂಚಿ ಹಾಕಿದ್ರಲ್ಲ ಅಜ್ಜಿ, ನಾನು ಕೇಳ್ಕೊಂಡಿದ್ದಕ್ಕೆ ಹಾಕಿದ್ದು ಅದು.’

ಮೂವತ್ತು ವರ್ಷದ ಹಿಂದೆ ಯಾವ ಊರಿನ ಯಾರು ಎಷ್ಟು ಮೆಣಸು ತಂದಿದ್ದರೆಂದು ಬಾಯಲ್ಲೇ ಹೇಳುವ ಮನುಷ್ಯ.

‘ಯಾವ ಸಂಚಿ?’ ಎಂದರು ಮಾವ.

ಅವರು ಪೇಪರನ್ನು ಎರಡು ಮಡಿಕೆ ಮಾಡಿದರು, ಮತ್ತೆ ನಾಲ್ಕು ಮಾಡಿದರು. ಬೀದಿಯಲ್ಲಿ ಒಂದು ಜೀಪು ಹೋಯಿತು. ಅದು ತಿರುವು ದಾಟುವವರೆಗೂ ಅತ್ತಲೇ ನೋಡಿ, ಆಮೇಲೆ ಹೇಳಿದರು: ‘ಅವರ ಮಗಳಿಗೆ ಹೇಳು. ಈ ಸಲದ ಮೆಣಸು ನಮ್ಮಲ್ಲಿಗೇ ತರ್ಲಿ. ಸುಮ್ನೆ ಸೋಮವಾರಪೇಟೆ ತನಕ ಬಸ್ಸಲ್ಲಿ ಹೊತ್ಕೊಂಡು ಯಾಕೆ ಹೋಗೋದು.’

ಸೋಮವಾರಪೇಟೆಯ ವಿಷಯ ನಾವಿಬ್ಬರೂ ಅವರಿಗೆ ಹೇಳಿರಲಿಲ್ಲ.

ಹೆಂಡತಿ ಅಪ್ಪನ ಮುಖ ನೋಡಿದಳು. ಆಮೇಲೆ ತಿರುಗಿ, ನಾನು ಅಲ್ಲೇ ಇದ್ದೇನೆಂದು ಖಚಿತ ಮಾಡಿಕೊಳ್ಳುವವಳಂತೆ, ನನ್ನ ಮುಖ ನೋಡಿದಳು.

‘ಹೇಳ್ತೀನಿ ಅಪ್ಪ’ ಎಂದಳು. ‘ಯಾವ ತಕ್ಕಡೀಲಿ ತೂಗ್ತೀರಿ ಅಂತ ಹೇಳ್ಲಿ?’